ಸಂಡೂರಿನ ಘೋರ್ಪಡೆ ಮನೆತನ

ಫ್ರಾನ್ಸ್ ದೇಶದಲ್ಲಿ ಕೊನ್ಯಾಕ್ ಎಂಬ ಊರುಂಟು. ಅಲ್ಲಿಯ ದ್ರಾಕ್ಷಾಮದ್ಯವು ಲೋಕವಿಖ್ಯಾತವಾದುದು. ೧೭೬೫ರಲ್ಲಿ ಅಲ್ಲಿ ವ್ಯಾಪಾರದ ಕೋಠಿಯನ್ನು ತೆರೆದ ರಿಚರ್ಡ್ ಹೆನೆಸಿಯು ಐರ್ಲೆಂಡಿನಿಂದ ವಲಸೆ ಬಂದು ಫ್ರೆಂಚ್ ದೊರೆಯ ದಂಡಿನಲ್ಲಿ ದುಡಿದವನು. ಪರದೇಶದ ಯೋಧನೊಬ್ಬನು ವರ್ತಕ ಮನೆತನಕ್ಕೆ ಮೂಲಪುರುಷನಾದನು. ಇಂಥ ಕಥೆಯೊಂದು ಹೊಸಪೇಟೆಯ ನೆರೆಯಲ್ಲಿಯೂ ನಡೆದಿದೆ. ಇಲ್ಲಿ ಯೋಧರು ವರ್ತಕರಾಗುವುದಕ್ಕೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತೆಂಬುದೇ ಭೇದ.

ಹಂಪೆಯ ಯಾತ್ರಿಕರೂ ಕಂಪ್ಲಿಯ ಕಬ್ಬಿನ ತೋಟಗಳನ್ನು ಕಂಡು ಮೆಚ್ಚಿದವರೂ ದಕ್ಷಿಣದ ಬೆಟ್ಟಸಾಲನ್ನು ದೂರದಿಂದಲೇ ನೋಡಿ ಹಿಂದಿರುಗುವುದುಂಟು. ಆ ಬೆಟ್ಟಗಳ ಒಡಲಿನಲ್ಲಿರುವ ಕಣಿವೆಯೇ ಸಂಡೂರು. ೧೮ನೆಯ ಶತಮಾನದ ಆದಿಭಾಗದಲ್ಲಿ ಮರಾಠ ಸರದಾರನಾದ ಸಿದ್ದೋಜಿರಾವ್ ಘೋರ್ಪಡೆಯು ಬೇಡ ಪಾಳೆಯಗಾರನಿಂದ ಇದನ್ನು ಗೆದ್ದುಕೊಂಡನು. ಅವನ ಮಗನೇ ಗುತ್ತಿಯ ಮುರಾರಿರಾವ್. ೧೭೭೬ರಲ್ಲಿ ಗುತ್ತಿಯು ಹೈದರಾಲಿಯ ವಶವಾಗಲು ಸಂಡೂರೂ ಕೈಬಿಟ್ಟಿತು. ಮುರಾರಿರಾವ್ ಸೆರೆಯಲ್ಲಿಯೇ ಮಡಿದನು. ೧೭೯೦ರಲ್ಲಿ ಮನೆತನದವರು ಟಿಪ್ಪುವಿನ ದಂಡನ್ನು ಹೊರದೂಡಿ ಕಣಿವೆಯನ್ನು ಮರಳಿ ಪಡೆದರು.

ಮುಂದಿನ ಪ್ರಸಂಗವು ಸ್ವಾರಸ್ಯವಾದುದು. ಪೇಶ್ವೆ ಎರಡನೆಯ ಬಾಜೀರಾಯನಿಗೆ ಸಂಡೂರಿನ ಮೇಲೆ ಕಣ್ಣಿತ್ತು. ಕುಮಾರಸ್ವಾಮಿಯ ದರ್ಶನದ ನೆಪದಿಂದ ಅವನು ೧೮೧೫ರಲ್ಲಿ ದಂಡು ಸಮೇತ ಬಂದನು. ಶಿವರಾವ್ ಘೋರ್ಪಡೆಯು ಕಣಿವೆಯ ದಾರಿಗಳನ್ನು ಮುಚ್ಚಿಸಿ, ಸ್ವಾಮಿಯ ದರ್ಶನಕ್ಕೆ ಕೆಲವೇ ಪರಿವಾರದವರೊಡನೆ ಹೋಗಬಹುದೆಂದನು! ಭಕ್ತಿಗೆ ಅಡ್ಡಿಯಿಲ್ಲ, ದಂಡಿಗೆ ಮಾತ್ರ ದಾರಿಯಿಲ್ಲ. ೧೮೧೭ರಲ್ಲಿ ಇಂಗ್ಲಿಷರು ಪೇಶ್ವೆಯ ಪರವಾಗಿ ಕರ್ನಲ್ ಮನ್ರೋವನ್ನು ಕಳುಹಿಸಿದಾಗ ಶಿವರಾವ್ ಯುದ್ಧಮಾಡದೆ ಸಂಸ್ಥಾನವನ್ನು ಒಪ್ಪಿಸಿದನು. ಪೇಶ್ವೆಯೇ ಪದಚ್ಯುತನಾದ ಮೇಲೆ ೧೮೧೮ರಲ್ಲಿ ಅದು ಅವನಿಗೆ ಹಿಂದಿರುಗಿತು. ಆ ದಿನ ಕತ್ತಿ ಹಿರಿದಿದ್ದರೆ ಈ ಮನೆತನದ ಮಾತು ಅಲ್ಲಿಗೇ ಮುಗಿಯುತ್ತಿತ್ತೆಂದು ನಾವು ಭಾವಿಸುತ್ತೇವೆ.

ಕಳೆದ ಶತಮಾನದಲ್ಲಿ ಬೆಲ್ಜಿಯಂ ದೇಶದವರ ಕಂಪೆನಿಯೊಂದು ಇಲ್ಲಿ ಮ್ಯಾಂಗನೀಸ್ ಅದಿರನ್ನು ತೆಗೆಯತೊಡಗಿತು. ದೊರೆ ಯಶವಂತರಾವ್ ಘೋರ್ಪಡೆಯವರು ೧೯೩೨ರಲ್ಲಿ ದೇವಾಲಯವನ್ನು ಹರಿಜನರಿಗೆ ತೆರೆದರು. ೧೯೩೪ರಲ್ಲಿ ಗಾಂಧೀಜಿಯವರು ಸಂಡೂರಿಗೆ ಬಂದರು. ೧೯೪೯ರಲ್ಲಿ ಸಂಸ್ಥಾನವು ವಿಲೀನವಾಯಿತು. ಐದೇ ವರ್ಷಗಳಲ್ಲಿ, ೧೯೫೪ರಲ್ಲಿ, ಅದೇ ಮನೆತನದವರು ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪೆನಿಯನ್ನು ಸ್ಥಾಪಿಸಿದರು. ಸಿಂಹಾಸನ ಹೋದಲ್ಲಿ ಲೆಕ್ಕದ ಪುಸ್ತಕ ಬಂದಿತು.

ಆದರೆ ಕೊನ್ಯಾಕಿನ ಹೋಲಿಕೆಯನ್ನು ನಾವು ಇಲ್ಲಿಗೇ ನಿಲ್ಲಿಸಬೇಕು. ದ್ರಾಕ್ಷಿಯ ಬಳ್ಳಿ ಪ್ರತಿವರ್ಷವೂ ಫಲಿಸುತ್ತದೆ. ಪೀಪಾಯಿಯಲ್ಲಿಟ್ಟ ಮದ್ಯಕ್ಕೆ ಕಾಲವೇ ಬೆಲೆಯನ್ನು ಹೆಚ್ಚಿಸುತ್ತದೆ. ಅಗೆದ ಅದಿರು ಮತ್ತೆ ಬೆಳೆಯುವುದಿಲ್ಲ. ಯಶವಂತರಾಯರ ಪುತ್ರ ಎಂ. ವೈ. ಘೋರ್ಪಡೆಯವರು ೧೯೭೦ರ ದಶಕದಲ್ಲಿ ರಾಜ್ಯದ ಅರ್ಥಮಂತ್ರಿಗಳಾಗಿದ್ದವರು. ವನ್ಯಮೃಗಗಳ ಛಾಯಾಚಿತ್ರಗಳಿಂದಲೂ ಹೆಸರಾದವರು. ಅದಿರಿನ ಮನೆಯವರಿಗೆ ಅಡವಿಯ ಮೇಲೆ ಈ ಮಮತೆ! ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಗಣಿಗಳು ಮತ್ತೆ ತೆರೆಯುವ ಮೊದಲೇ, ಅವರು ತೀರಿಕೊಂಡರು.