ಮಜ್ಜೆಯ ಋಣ

ಎಲುಬು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗಟ್ಟಿಯಾದ, ಒಣಗಿದ, ಜೀವವಿಲ್ಲದ ವಸ್ತುವಿನ ಚಿತ್ರ. ಆದರೆ ನಮ್ಮ ದೇಹದಲ್ಲಿ ಅತ್ಯಂತ ಚುರುಕಾಗಿ ಜೀವ ಹುಟ್ಟುವ ತಾಣಗಳಲ್ಲಿ ಒಂದು ಎಲುಬಿನ ಒಳಗೇ ಇದೆ. ಸೊಂಟದ ಮೂಳೆ, ಎದೆಯ ಮೂಳೆ, ಬೆನ್ನುಮೂಳೆಗಳ ಒಳಗಿರುವ ಮೃದುವಾದ ಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ನಾವು ದುಡಿಯುವಾಗಲೂ ಮಲಗಿರುವಾಗಲೂ ಈ ಕಾರ್ಯ ಸದ್ದಿಲ್ಲದೆ ಸಾಗುತ್ತಲೇ ಇರುತ್ತದೆ. ಅದು ದಾರಿ ತಪ್ಪಿದಾಗ ಮಾತ್ರ ನಮಗೆ ಮಜ್ಜೆಯ ನೆನಪಾಗುತ್ತದೆ. ಹಾಗೆ ದಾರಿ ತಪ್ಪಿದ ಮಜ್ಜೆಯನ್ನು ತೆಗೆದು, ಬೇರೊಬ್ಬರ ಮಜ್ಜೆಯನ್ನು ನೆಲೆಗೊಳಿಸಲು ಮನುಷ್ಯ ನಡೆಸಿದ ಪ್ರಯತ್ನದ ಚರಿತ್ರೆ ಸೋಲುಗಳಿಂದ ತುಂಬಿದೆ. ಆದ್ದರಿಂದಲೇ ಅದು ನೆನೆಯಲು ಯೋಗ್ಯವಾದುದು.

1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಮತ್ತು ಬರ್ಲಿನ್ನಿನ ರುಡಾಲ್ಫ್ ವಿರ್ಕೋ ಎಂಬ ಇಬ್ಬರು ವೈದ್ಯರು, ಒಬ್ಬರಿಗೊಬ್ಬರು ತಿಳಿಯದಂತೆ, ಒಂದೇ ಬಗೆಯ ವಿಚಿತ್ರ ರೋಗವನ್ನು ವರ್ಣಿಸಿದರು. ಮೃತ ರೋಗಿಗಳ ರಕ್ತದಲ್ಲಿ ಬಿಳಿಯ ಕಣಗಳು ಮಿತಿಮೀರಿ ತುಂಬಿದ್ದವು. ಅದು ಕೀವಿನಂತೆ ತೋರುತ್ತದೆ ಎಂದರು ಬೆನೆಟ್. ಇದು ರಕ್ತದ್ದೇ ಆದ ಕಾಯಿಲೆ ಎಂದರು ವಿರ್ಕೋ. 1847ರಲ್ಲಿ ವಿರ್ಕೋ ಇದಕ್ಕೆ ಗ್ರೀಕ್ ಪದಗಳಿಂದ ‘ಲ್ಯುಕೇಮಿಯಾ’ ಎಂಬ ಹೆಸರಿಟ್ಟರು. ಬಿಳಿಯ ರಕ್ತ ಎಂಬುದು ಅದರ ಅರ್ಥ. ಹೆಸರೇನೋ ಸಿಕ್ಕಿತು, ಆದರೆ ಮದ್ದು ಸಿಗಲು ನೂರು ವರ್ಷಗಳೇ ಬೇಕಾದವು. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನೋಪ್ಟರಿನ್ ಎಂಬ ಔಷಧವನ್ನು 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ಸುಧಾರಣೆ ಕಂಡುದಾಗಿ ವರದಿ ಮಾಡಿದರು. ಆದರೆ ಆ ನೆಮ್ಮದಿ ಕೆಲವೇ ತಿಂಗಳದ್ದಾಗಿತ್ತು. ರೋಗ ಮತ್ತೆ ಮರಳುತ್ತಿತ್ತು.

ಮುಂದಿನ ದಾರಿ ತೆರೆದುಕೊಂಡದ್ದು ಮನುಕುಲದ ಮಹಾಪಾಪವೊಂದರ ನೆರಳಿನಲ್ಲಿ. 1945ರ ಆಗಸ್ಟ್‌ನಲ್ಲಿ ಹಿರೋಶಿಮಾ ಹಾಗೂ ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ, ಸ್ಫೋಟದಿಂದ ಪಾರಾದ ಅನೇಕರು ವಾರಗಳ ಬಳಿಕ ರಕ್ತಸ್ರಾವದಿಂದಲೂ ಸೋಂಕಿನಿಂದಲೂ ಸತ್ತರು. ವಿಕಿರಣವು ಅವರ ಮಜ್ಜೆಯನ್ನು ಬರಿದುಮಾಡಿತ್ತು. ಇದಕ್ಕೆ ಪರಿಹಾರ ಹುಡುಕಹೊರಟ ಶಿಕಾಗೋದ ಲಿಯಾನ್ ಜೇಕಬ್‌ಸನ್, 1949ರಲ್ಲಿ ಇಲಿಗಳ ಗುಲ್ಮಕ್ಕೆ ಸೀಸದ ಹೊದಿಕೆ ಹಾಕಿ ಮಾರಕ ವಿಕಿರಣವನ್ನು ಹಾಯಿಸಿದರು. ಇಲಿಗಳು ಬದುಕಿದವು. ಎರಡು ವರ್ಷಗಳ ತರುವಾಯ, ವಿಕಿರಣಕ್ಕೆ ಗುರಿಯಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯನ್ನು ಚುಚ್ಚಿದರೂ ಅವು ಬದುಕುತ್ತವೆಂದು ತಿಳಿದುಬಂತು. ವಿನಾಶಕ್ಕೆಂದು ಕಂಡುಹಿಡಿದ ಶಕ್ತಿಯನ್ನು ಅಳೆಯುತ್ತ ಹೋದವರಿಗೆ ಜೀವದಾನದ ಸುಳಿವು ದೊರೆತದ್ದು ಹೀಗೆ.

ಆ ಸುಳಿವನ್ನು ಹಿಡಿದು ಜೀವಮಾನವಿಡೀ ನಡೆದವರು ಇ. ಡೊನಾಲ್ ಥಾಮಸ್. ಟೆಕ್ಸಾಸಿನ ಮಾರ್ಟ್ ಎಂಬ ಸಣ್ಣ ಊರಿನ ವೈದ್ಯರೊಬ್ಬರ ಮಗ, ಹುಟ್ಟಿದ್ದು 1920ರಲ್ಲಿ. ಅವರ ಪತ್ನಿ ಡಾಟಿ ಪತ್ರಿಕೋದ್ಯಮದ ಓದನ್ನು ಬಿಟ್ಟು ಪ್ರಯೋಗಾಲಯದ ಕೆಲಸ ಕಲಿತು, ಗಂಡನ ಸಂಶೋಧನೆಯ ಎಲ್ಲ ಲೆಕ್ಕ, ದಾಖಲೆ, ಬರಹಗಳ ಹೊಣೆಯನ್ನು ದಶಕಗಳ ಕಾಲ ಹೊತ್ತರು. ಮಜ್ಜೆ ಕಸಿಗೆ ತಂದೆ ಥಾಮಸ್ ಆದರೆ ತಾಯಿ ಡಾಟಿ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದುದು ಬರಿಯ ಸೌಜನ್ಯದ ಮಾತಲ್ಲ.

ಥಾಮಸ್ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಪುಟ್ಟ ಪಟ್ಟಣದ ಆಸ್ಪತ್ರೆಯಲ್ಲಿದ್ದಾಗ, 1957ರಲ್ಲಿ ಆರು ರೋಗಿಗಳಿಗೆ ಮಜ್ಜೆಯನ್ನು ರಕ್ತನಾಳದ ಮೂಲಕ ಕೊಟ್ಟ ವರದಿಯನ್ನು ಪ್ರಕಟಿಸಿದರು. ಇಬ್ಬರಲ್ಲಿ ಮಾತ್ರ ದಾನಿಯ ಮಜ್ಜೆ ಕೆಲಕಾಲ ಬೇರೂರಿತು. ಆರು ಮಂದಿಯಲ್ಲಿ ಒಬ್ಬರೂ ನೂರು ದಿನಗಳ ಆಚೆಗೆ ಬದುಕಲಿಲ್ಲ. ಬಳಿಕ ಲ್ಯುಕೇಮಿಯಾ ಪೀಡಿತರಾದ ಅವಳಿ ಮಕ್ಕಳಿಗೆ ಅವರ ತದ್ರೂಪಿ ಸೋದರಿಯರ ಮಜ್ಜೆಯನ್ನೇ ಕೊಟ್ಟಾಗ, ಮಜ್ಜೆ ಚೆನ್ನಾಗಿಯೇ ನೆಲೆಸಿತು. ಆದರೆ ಕೆಲವು ತಿಂಗಳಲ್ಲಿ ರೋಗ ಮರಳಿ ಬಂತು.

1958ರ ಅಕ್ಟೋಬರ್‌ನಲ್ಲಿ ಯುಗೊಸ್ಲಾವಿಯಾದ ವಿಂಚಾ ಅಣುಕೇಂದ್ರದಲ್ಲಿ ಅಪಘಾತವಾಗಿ ಆರು ಮಂದಿ ತೀವ್ರ ವಿಕಿರಣಕ್ಕೆ ಒಳಗಾದರು. ಅವರನ್ನು ಪ್ಯಾರಿಸ್ಸಿಗೆ ಕರೆದೊಯ್ಯಲಾಯಿತು. ಅಲ್ಲಿ ಜಾರ್ಜ್ ಮಾತೆ ಎಂಬ ವೈದ್ಯರ ಕರೆಗೆ ಓಗೊಟ್ಟು ಫ್ರಾನ್ಸಿನ ದಾನಿಗಳು, ಹೆಸರೂ ಭಾಷೆಯೂ ತಿಳಿಯದ ಆ ಪರದೇಶಿಯರಿಗೆ ತಮ್ಮ ಮಜ್ಜೆಯನ್ನು ಕೊಟ್ಟರು. ಮಜ್ಜೆ ಪಡೆದ ಐವರಲ್ಲಿ ನಾಲ್ವರು ಉಳಿದರು. ದಾನಿಗಳ ಕೋಶಗಳು ಅವರಲ್ಲಿ ನೆಲೆಸಿದ್ದು ಸ್ವಲ್ಪಕಾಲವೇ ಆದರೂ, ರಕ್ತಸಂಬಂಧವಿಲ್ಲದವರೂ ಮಜ್ಜೆ ಕೊಡಲು ಮುಂದೆ ಬರಬಲ್ಲರೆಂಬುದು ಅಂದು ಲೋಕಕ್ಕೆ ತಿಳಿಯಿತು.

ಆದರೆ ಆಮೇಲಿನ ಹತ್ತು ವರ್ಷಗಳು ಕತ್ತಲಿನವು. ಕೊಟ್ಟ ಮಜ್ಜೆಯನ್ನು ಕೆಲವೊಮ್ಮೆ ರೋಗಿಯ ದೇಹ ತಿರಸ್ಕರಿಸುತ್ತಿತ್ತು. ಅದಕ್ಕಿಂತ ಭೀಕರವಾದುದು ಇನ್ನೊಂದು: ಮಜ್ಜೆಯಲ್ಲಿ ರೋಗನಿರೋಧಕ ಕೋಶಗಳೂ ಇರುವುದರಿಂದ, ಅತಿಥಿಯಾಗಿ ಬಂದ ಮಜ್ಜೆಯೇ ಮನೆಯೊಡೆಯನನ್ನು ಪರಕೀಯನೆಂದು ತಿಳಿದು ಅವನ ಚರ್ಮ, ಕರುಳು, ಯಕೃತ್ತುಗಳ ಮೇಲೆ ಎರಗುತ್ತಿತ್ತು. ಸುಮಾರು 200 ಕಸಿಗಳ ಪರಿಣಾಮವನ್ನು 1970ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಬಹುಮಟ್ಟಿಗೆ ಸಾವಿನ ಪಟ್ಟಿ. ಹಲವು ಸಂಶೋಧಕರು ಈ ದಾರಿಯನ್ನೇ ತೊರೆದರು. ಥಾಮಸ್ ಕೂಡ ಮನುಷ್ಯರ ಮೇಲಿನ ಪ್ರಯೋಗವನ್ನು ಕೆಲಕಾಲ ನಿಲ್ಲಿಸಿ, ನಾಯಿಗಳ ಮೇಲೆ ಪ್ರಯೋಗ ನಡೆಸುತ್ತ ತಪ್ಪೆಲ್ಲಿದೆಯೆಂದು ಹುಡುಕಿದರು.

ಉತ್ತರ ಬೇರೆ ಬೇರೆ ದಿಕ್ಕುಗಳಿಂದ ಬಂತು. ನಮ್ಮ ಕೋಶಗಳ ಮೇಲೆ ‘ಇದು ನನ್ನದು’ ಎಂದು ಸಾರುವ ಗುರುತುಗಳಿವೆ. ಅವುಗಳಲ್ಲಿ ಮೊದಲನೆಯದನ್ನು ಪ್ಯಾರಿಸ್ಸಿನ ಜ್ಯಾಂ ದೊಸೆ 1958ರಲ್ಲಿ ಗುರುತಿಸಿದರು. ಎಚ್‌ಎಲ್‌ಎ ಎಂದು ಕರೆಯುವ ಈ ಗುರುತುಗಳಲ್ಲಿ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತವೆ. ಆದ್ದರಿಂದ ಒಡಹುಟ್ಟಿದ ಒಬ್ಬರ ಗುರುತು ಇನ್ನೊಬ್ಬರದರೊಡನೆ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಇತ್ತ ಟೊರಾಂಟೋದಲ್ಲಿ ಅರ್ನೆಸ್ಟ್ ಮೆಕಲಕ್ ಒಂದು ಭಾನುವಾರ ಪ್ರಯೋಗಾಲಯಕ್ಕೆ ಹೋಗಿ, ಮಜ್ಜೆ ಪಡೆದ ಇಲಿಗಳ ಗುಲ್ಮದ ಮೇಲೆ ಚಿಕ್ಕ ಚಿಕ್ಕ ಗಂಟುಗಳನ್ನು ಕಂಡರು. ಒಂದೊಂದು ಗಂಟೂ ಒಂದೊಂದೇ ಕೋಶದ ಸಂತಾನ ಎಂಬುದನ್ನು ಅವರೂ ಜೇಮ್ಸ್ ಟಿಲ್ ಅವರೂ ಮುಂದೆ ತೋರಿಸಿಕೊಟ್ಟರು. ಮಜ್ಜೆಯಲ್ಲಿ ರಕ್ತದ ನಾನಾ ಬಗೆಯ ಕಣಗಳಿಗೆ ತಾಯಿಯಾದ ಕೋಶಗಳಿವೆ ಎಂಬ ಈ ಅರಿವು 1961ರಲ್ಲಿ ಪ್ರಕಟವಾದ ಅವರ ಬರಹದಿಂದ ಮೊದಲಾಯಿತು. ಅವನ್ನೇ ನಾವಿಂದು ಆಕರಕೋಶ, ಸ್ಟೆಮ್ ಸೆಲ್ ಎನ್ನುವುದು.

ಈ ತಿಳಿವಳಿಕೆಯೊಡನೆ ಥಾಮಸ್ ಸಿಯಾಟಲ್‌ನಲ್ಲಿ ಮತ್ತೆ ಮನುಷ್ಯರತ್ತ ತಿರುಗಿದರು. 1977ರಲ್ಲಿ ಅವರ ತಂಡ, ಬೇರೆ ಯಾವ ಚಿಕಿತ್ಸೆಯೂ ಫಲಿಸದಿದ್ದ 100 ಲ್ಯುಕೇಮಿಯಾ ರೋಗಿಗಳ ಕಸಿಯ ಫಲವನ್ನು ಪ್ರಕಟಿಸಿತು. ಬದುಕಿ ಉಳಿದವರು 13 ಮಂದಿ. ನೂರಕ್ಕೆ ಹದಿಮೂರು ಎಂಬುದು ಸಣ್ಣ ಸಂಖ್ಯೆ. ಆದರೆ ಆ ನೂರು ಮಂದಿಗೂ ಸಾವು ನಿಶ್ಚಿತವೆಂದಿದ್ದಾಗ ಈ ಹದಿಮೂರು ಎಷ್ಟು ದೊಡ್ಡದೆಂದು ಅವರ ಮನೆಯವರನ್ನು ಕೇಳಬೇಕು. ರೋಗ ತೀರ ಮುಂದುವರಿಯುವ ಮೊದಲೇ ಕಸಿ ಮಾಡತೊಡಗಿದಾಗ ಫಲ ಮತ್ತಷ್ಟು ಸುಧಾರಿಸಿತು. 1990ರಲ್ಲಿ ಥಾಮಸ್ ಅವರಿಗೆ, ಮೂತ್ರಪಿಂಡ ಕಸಿಯ ಪ್ರವರ್ತಕ ಜೋಸೆಫ್ ಮರ್ರೆ ಅವರೊಡನೆ, ನೊಬೆಲ್ ಪ್ರಶಸ್ತಿ ಸಂದಿತು. 2012ರಲ್ಲಿ ಥಾಮಸ್ ತೀರಿಕೊಂಡರು. ಆ ವರ್ಷದ ಅಂತ್ಯದ ಹೊತ್ತಿಗೆ ಜಗತ್ತಿನಲ್ಲಿ ನಡೆದ ಇಂಥ ಕಸಿಗಳ ಸಂಖ್ಯೆ 10 ಲಕ್ಷ ಮುಟ್ಟಿತ್ತು.

ಒಡಹುಟ್ಟಿದವರಲ್ಲಿ ಹೊಂದಾಣಿಕೆ ಸಿಗದವರ ಗತಿಯೇನು? ಈ ಪ್ರಶ್ನೆಯನ್ನು ಒಬ್ಬ ತಾಯಿ ಲೋಕದ ಮುಂದಿಟ್ಟಳು. ಶೆರ್ಲಿ ನೋಲನ್ ಅವರ ಮಗ ಆಂಥನಿಗೆ ಹುಟ್ಟಿನಿಂದಲೇ ಮಾರಕವಾದ ರಕ್ತದೋಷವಿತ್ತು. ಮಜ್ಜೆ ಕಸಿಯೊಂದೇ ಉಪಾಯ. ಮನೆಯಲ್ಲಿ ಹೊಂದುವ ದಾನಿ ಇರಲಿಲ್ಲ. 1974ರಲ್ಲಿ ಅವರು ಲಂಡನ್ನಿನಲ್ಲಿ ಅಪರಿಚಿತ ದಾನಿಗಳ ನೋಂದಣಿಯನ್ನು ಆರಂಭಿಸಿದರು. ಸಾವಿರಾರು ಜನ ಹೆಸರು ಬರೆಸಿದರು. ಆದರೂ ಆಂಥನಿಗೆ ಹೊಂದುವ ದಾನಿ ಸಿಗಲಿಲ್ಲ. 1979ರಲ್ಲಿ, ಏಳು ವರ್ಷದ ಬಾಲಕನಾಗಿದ್ದಾಗಲೇ ಅವನು ತೀರಿಕೊಂಡನು. ತಾಯಿ ನೋಂದಣಿಯನ್ನು ಮುಚ್ಚಲಿಲ್ಲ. ತನ್ನ ಮಗನಿಗೆ ದಕ್ಕದ ಬದುಕು ಪರರ ಮಕ್ಕಳಿಗಾದರೂ ದಕ್ಕಲೆಂದು ಅದನ್ನು ನಡೆಸಿಕೊಂಡು ಬಂದಳು. ಇಂದು ಜಗತ್ತಿನ ಇಂಥ ಪಟ್ಟಿಗಳಲ್ಲಿ 4 ಕೋಟಿಗೂ ಹೆಚ್ಚು ದಾನಿಗಳಿದ್ದಾರೆ.

ನಮ್ಮ ದೇಶದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿಯವರು ಮೊದಲ ಯಶಸ್ವಿ ಕಸಿಯನ್ನು ನಡೆಸಿದರು. ಲ್ಯುಕೇಮಿಯಾದಿಂದ ಬಳಲುತ್ತಿದ್ದ ಒಂಬತ್ತು ವರ್ಷದ ಬಾಲಕಿಗೆ ಅವಳ ಸೋದರನೇ ದಾನಿ. ಬಾಲ್ಯದಲ್ಲಿ ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡ ಆ ವೈದ್ಯರು ಗಾಲಿಕುರ್ಚಿಯಲ್ಲಿ ಕುಳಿತೇ ಈ ಕಾರ್ಯ ಸಾಧಿಸಿದರು. ಅವರು ಸಿಯಾಟಲ್‌ನಲ್ಲಿ ಥಾಮಸ್ ಅವರ ಬಳಿ ಕಲಿತು ಬಂದವರು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ, ಡಾ. ಮಮ್ಮೆನ್ ಚಾಂಡಿ ಮುಂತಾದವರ ಶ್ರಮದಿಂದ, ಮಜ್ಜೆ ಕಸಿ ಆರಂಭವಾಯಿತು. ಇಂದು ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯಿದೆ.

ವಿಜ್ಞಾನವೂ ನಿಂತಿಲ್ಲ. 1988ರಲ್ಲಿ ಪ್ಯಾರಿಸ್ಸಿನ ಎಲಿಯಾನ್ ಗ್ಲುಕ್‌ಮನ್, ನವಜಾತ ಶಿಶುವಿನ ಹೊಕ್ಕುಳಬಳ್ಳಿಯ ರಕ್ತದಿಂದ ಅದರ ಅಣ್ಣನಿಗೆ ಚಿಕಿತ್ಸೆ ನೀಡಿದರು. 2001ರಲ್ಲಿ ಬಂದ ಇಮ್ಯಾಟಿನಿಬ್ ಮಾತ್ರೆಯಿಂದ, ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾ ಇರುವ ಬಹುತೇಕರಿಗೆ ಕಸಿಯ ಅಗತ್ಯವೇ ತಪ್ಪಿತು. ಅರ್ಧ ಹೊಂದುವ ತಂದೆತಾಯಿಗಳಿಂದಲೂ ಮಜ್ಜೆ ಪಡೆಯುವ ವಿಧಾನ ಈಗ ಬಳಕೆಯಲ್ಲಿದೆ. ರೋಗಿಯದೇ ನಿರೋಧಕ ಕೋಶಗಳನ್ನು ತಿದ್ದಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಗೆ, ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಕೂಡುಪ್ರಯತ್ನದಿಂದ ರೂಪುಗೊಂಡ ಬಗೆಗೆ, 2023ರಲ್ಲಿ ನಮ್ಮಲ್ಲಿಯೇ ಅನುಮತಿ ದೊರೆಯಿತು.

ಇಷ್ಟಾದರೂ ಒಂದು ಕೊರತೆ ಉಳಿದೇ ಇದೆ. ಎಚ್‌ಎಲ್‌ಎ ಗುರುತುಗಳು ವಂಶಮೂಲವನ್ನು ಅನುಸರಿಸುವುದರಿಂದ ಭಾರತೀಯ ರೋಗಿಗೆ ಹೊಂದುವ ದಾನಿ ಸಿಗುವ ಸಂಭವ ಭಾರತೀಯರಲ್ಲೇ ಹೆಚ್ಚು. ಆದರೆ ಲೋಕದ ಪಟ್ಟಿಗಳಲ್ಲಿ ನಮ್ಮವರ ಪಾಲು ಅತ್ಯಲ್ಪ. ಕಾರಣ ಬಡತನವಲ್ಲ, ಭಯ. ಮಜ್ಜೆ ಕೊಟ್ಟರೆ ಬೆನ್ನು ಬಿದ್ದುಹೋಗುತ್ತದೆ, ಮೈ ಸೊರಗುತ್ತದೆ ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ನಿಜವೆಂದರೆ ಬೆನ್ನುಮೂಳೆಯನ್ನು ಯಾರೂ ಮುಟ್ಟುವುದಿಲ್ಲ. ನೋಂದಣಿಗೆ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿ ಸಾಕು. ಕರೆ ಬಂದರೆ, ಸಾಮಾನ್ಯವಾಗಿ ಕೆಲವು ದಿನ ಚುಚ್ಚುಮದ್ದು ನೀಡಿದ ಬಳಿಕ, ತೋಳಿನ ರಕ್ತನಾಳದಿಂದಲೇ ಆಕರಕೋಶಗಳನ್ನು ಬೇರ್ಪಡಿಸುತ್ತಾರೆ. ಆಗ ಕೆಲದಿನ ಮೈಕೈ ನೋವು ಇರಬಹುದು. ಕೆಲವರಿಂದ ಮಾತ್ರ, ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಕೊಟ್ಟದ್ದನ್ನು ಆರೋಗ್ಯವಂತ ದೇಹ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಕೂಪರ್ಸ್‌ಟೌನಿನ ಆ ಮೊದಲ ಆರು ಮಂದಿ ತಾವು ಬದುಕಲಿಲ್ಲ. ಮುಂದಿನವರ ಬದುಕಿಗೆ ದಾರಿಯಾದರು. ಆಂಥನಿ ಉಳಿಯಲಿಲ್ಲ, ಅವನ ಹೆಸರಿನ ಪಟ್ಟಿ ಉಳಿಯಿತು. ನಮ್ಮ ಮನೆಗಳ ಯುವಕ ಯುವತಿಯರು ಹದಿನೆಂಟು ತುಂಬಿದಾಗ ಮತದಾರರ ಪಟ್ಟಿಗೆ ಹೆಸರು ಸೇರಿಸುತ್ತಾರೆ. ಅದೇ ವಯಸ್ಸಿಗೆ ಈ ಇನ್ನೊಂದು ಪಟ್ಟಿಗೂ ಸೇರಬಹುದೆಂದು ಅವರಿಗೆ ಹೇಳುವವರು ಯಾರು? ಈ ರಾತ್ರಿ ಊಟಕ್ಕೆ ಕುಳಿತಾಗ ಆ ಮಾತನ್ನು ನಾವೇ ಎತ್ತಬಹುದು.