ಕೊಲ್ಲಿಯ ಕಿಚ್ಚು, ಚಿಂಚೋಳಿಯ ಮಂತ್ರಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಬದುಕು ಭಾರದ ಸರಕನ್ನು ನಂಬಿದೆ. ನೆಲದ ಮೇಲೆ ತೊಗರಿ, ನೆಲದ ಕೆಳಗೆ ಸುಣ್ಣದ ಕಲ್ಲು. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ ಮತ್ತು ಸೇಡಂ ಸಿಮೆಂಟಿಗೆ ಹೆಸರಾದ ಊರುಗಳು. ಈ ಸರಕು ರೈಲು ಏರಬೇಕು, ಇಲ್ಲವೇ ಲಾರಿ ಏರಬೇಕು. ಹಾಗಾಗಿ ಡೀಸೆಲ್ ಬೆಲೆ ಇಲ್ಲಿ ವಾಹನ ಇದ್ದವರ ಚಿಂತೆ ಮಾತ್ರವಲ್ಲ. ಗಣಿಯಲ್ಲಿ ಕಲ್ಲು ಒಡೆಯುವವನ ಕೂಲಿಗೂ ಕಲಬುರಗಿ ಮಾರುಕಟ್ಟೆಗೆ ತೊಗರಿ ಸಾಗಿಸುವ ರೈತನ ಲೆಕ್ಕಕ್ಕೂ ಅದು ತಟ್ಟುತ್ತದೆ.

ಬೆಲೆ ಏರಿದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಆಳುವ ಪಕ್ಷ ‘ಎಲ್ಲೋ ಯುದ್ಧ ನಡೆದಿದೆ, ನಾವೇನು ಮಾಡೋಣ?’ ಎನ್ನುತ್ತದೆ. ವಿರೋಧ ಪಕ್ಷ ‘ಯುದ್ಧ ಬರೀ ನೆಪ, ಇದು ಸರ್ಕಾರದ ಸುಲಿಗೆ’ ಎನ್ನುತ್ತದೆ. ಐದು ವರ್ಷ ಕಳೆದು ಕುರ್ಚಿ ಬದಲಾದರೆ ಮಾತುಗಳೂ ಬಾಯಿ ಬದಲಿಸುತ್ತವೆ. ಈ ವಾಗ್ವಾದಕ್ಕೆ ಅರ್ಧ ಶತಮಾನ ಮೀರಿದ ಇತಿಹಾಸವಿದೆ. ಅದರಲ್ಲಿ ಕನ್ನಡಿಗರ ಪಾತ್ರ, ಅದರಲ್ಲೂ ಚಿಂಚೋಳಿಯ ಒಬ್ಬ ನಾಯಕನ ಪಾತ್ರ, ಸಣ್ಣದಲ್ಲ.

ಎತ್ತಿನ ಬಂಡಿಯ ಮೊದಲ ಸವಾರಿ

1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲಿನ ಮೇಲೆ ದಾಳಿ ಮಾಡಿದವು. ಕೆಲವೇ ದಿನಗಳಲ್ಲಿ ಅರಬ್ ರಾಷ್ಟ್ರಗಳು ತೈಲವನ್ನೇ ಅಸ್ತ್ರ ಮಾಡಿಕೊಂಡವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ ಮರುವರ್ಷದ ಜನವರಿಗೆ 11 ಡಾಲರ್ ದಾಟಿತು. ಮೈಸೂರು ರಾಜ್ಯ ‘ಕರ್ನಾಟಕ’ ಎಂಬ ಹೆಸರು ಪಡೆದದ್ದು ಆ ವರ್ಷದ ನವೆಂಬರ್ 1ರಂದು. ನಾಮಕರಣದ ಸಂಭ್ರಮ ಇನ್ನೂ ಆರಿರಲಿಲ್ಲ. ಅದೇ ತಿಂಗಳು ಇಂದಿರಾ ಗಾಂಧಿ ಸರ್ಕಾರ ಪೆಟ್ರೋಲ್ ಮತ್ತು ಸೀಮೆಎಣ್ಣೆಯ ಬೆಲೆ ಏರಿಸಿದ ವಿವಾದ ದಿಲ್ಲಿಯಲ್ಲಿ ಭುಗಿಲೆದ್ದಿತ್ತು.

ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಬಂಡಿ ಏರಿ ಸಂಸತ್ತಿಗೆ ಬಂದದ್ದು ಆಗಲೇ. ಇಂದಿರಾ ಗಾಂಧಿಯವರು ಇಂಧನ ಉಳಿತಾಯದ ಸಂದೇಶ ಸಾರಲು ಕುದುರೆ ಸಾರೋಟು ಏರಿದರು. ಒಂದೇ ಯುದ್ಧದ ಬಿಸಿಗೆ ಆಳುವವರೂ ವಿರೋಧಿಸುವವರೂ ಮೋಟಾರು ಇಳಿದರು. ಒಬ್ಬರದು ಮಿತವ್ಯಯದ ಪಾಠ, ಇನ್ನೊಬ್ಬರದು ಆಪಾದನೆ. ಮುಂದೆ ಹಲವು ಬಾರಿ ಆಡಲಾದ ನಾಟಕದ ಮೊದಲ ಪ್ರದರ್ಶನ ಅದು.

ಆಗ ನಡೆದ ಇನ್ನೊಂದು ಬದಲಾವಣೆ ಹೆಚ್ಚು ದೂರಗಾಮಿಯಾದದ್ದು. ಎಪ್ಪತ್ತರ ದಶಕದಲ್ಲಿ ವಿದೇಶಿ ತೈಲ ಕಂಪನಿಗಳು ರಾಷ್ಟ್ರೀಕರಣಗೊಂಡವು. ಬಂಕಿನ ದರ ನಿಗದಿ ಸರ್ಕಾರದ ಕೈಗೆ ಬಂತು. ‘ಆಯಿಲ್ ಪೂಲ್’ ಎಂಬ ಲೆಕ್ಕದ ಗುಡಾಣವೊಂದು ಸಿದ್ಧವಾಯಿತು. ಪೆಟ್ರೋಲಿನವರಿಂದ ಹೆಚ್ಚು ವಸೂಲು ಮಾಡಿ ಸೀಮೆಎಣ್ಣೆಯನ್ನು ಅಗ್ಗವಾಗಿ ಕೊಡುವುದು, ಹೊರಗೆ ಬೆಲೆ ಏರಿದಾಗ ಗುಡಾಣದಿಂದ ತುಂಬಿಕೊಡುವುದು ಅದರ ಉದ್ದೇಶ. ಹಳ್ಳಿಯ ಚಿಮಣಿ ದೀಪಕ್ಕೆ ಇದರಿಂದ ಉಪಕಾರವಾಯಿತು. ಆದರೆ ಯುದ್ಧದ ಬಿಸಿ ಬಂಕಿಗೆ ಯಾವ ದಿನ ಮುಟ್ಟಬೇಕೆಂದು ತೀರ್ಮಾನಿಸುವ ಅಧಿಕಾರವೂ ಮಂತ್ರಿಮಂಡಲಕ್ಕೆ ದಕ್ಕಿತು. ಚುನಾವಣೆಗೆ ಮುನ್ನ ತಡೆಹಿಡಿಯುವುದು, ಮುಗಿದ ಮೇಲೆ ಏರಿಸುವುದು ಆಮೇಲೆ ರೂಢಿಯೇ ಆಯಿತು.

ವೀರೇಂದ್ರ ಪಾಟೀಲರ ಸರದಿ

ಚಿಂಚೋಳಿಯ ವೀರೇಂದ್ರ ಪಾಟೀಲರು 1968ರಿಂದ 1971ರವರೆಗೆ ಮುಖ್ಯಮಂತ್ರಿಯಾಗಿದ್ದವರು. ಕಾಂಗ್ರೆಸ್ ಒಡೆದಾಗ ಇಂದಿರಾ ವಿರೋಧಿ ಬಣದಲ್ಲಿ ಉಳಿದರು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಜನತಾ ಪಕ್ಷದ ಅಭ್ಯರ್ಥಿಯಾಗಿ ಇಂದಿರಾ ಅವರನ್ನೇ ಎದುರಿಸಿ ಸುಮಾರು 77 ಸಾವಿರ ಮತಗಳಿಂದ ಸೋತರು. ಮುಂದಿನ ಚುನಾವಣೆಯ ಹೊತ್ತಿಗೆ ಅವರು ಇಂದಿರಾ ಕಾಂಗ್ರೆಸ್ಸಿನಲ್ಲಿದ್ದರು. 1980ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಗೆದ್ದು ಕೇಂದ್ರದ ಪೆಟ್ರೋಲಿಯಂ ಮತ್ತು ರಾಸಾಯನಿಕ ಖಾತೆಯ ಮಂತ್ರಿಯಾದರು.

ಅಷ್ಟು ಕಷ್ಟದ ಹೊತ್ತಿನಲ್ಲಿ ಆ ಖಾತೆ ವಹಿಸಿಕೊಂಡವರು ಕಡಿಮೆ. ಇರಾನಿನಲ್ಲಿ 1979ರಲ್ಲಿ ಷಾ ಆಡಳಿತ ಉರುಳಿ ತೈಲದ ಬೆಲೆ ಮತ್ತೆ ಜಿಗಿದಿತ್ತು. ಅಸ್ಸಾಮಿನ ಚಳವಳಿಗಾರರು ಅಲ್ಲಿಂದ ಹೊರಡುವ ಕಚ್ಚಾ ತೈಲವನ್ನು ತಡೆದಿದ್ದರು. ಡೀಸೆಲ್, ಸೀಮೆಎಣ್ಣೆ, ಈರುಳ್ಳಿಯ ಅಭಾವಕ್ಕೆ ಹಿಂದಿನ ಸರ್ಕಾರವೇ ಕಾರಣವೆಂದು ಸಾರಿ ಇಂದಿರಾ ಕಾಂಗ್ರೆಸ್ ಚುನಾವಣೆ ಗೆದ್ದಿತ್ತು. ಗೆದ್ದ ವರ್ಷದ ಜೂನ್ ತಿಂಗಳಲ್ಲಿ ಅದೇ ಸರ್ಕಾರ ತೈಲದ ಬೆಲೆ ಏರಿಸಬೇಕಾಯಿತು. ನಿನ್ನೆಯ ಆಪಾದನೆ ಇಂದು ಹೇಳಿದವರ ಕೊರಳಿಗೇ ಬಿತ್ತು.

ಅದೇ ಸೆಪ್ಟೆಂಬರ್ 22ರಂದು ಇರಾಕ್ ಇರಾನಿನ ಮೇಲೆ ಯುದ್ಧ ಸಾರಿತು. ಭಾರತ ಕೊಳ್ಳುತ್ತಿದ್ದ ಕಚ್ಚಾ ತೈಲದ ದೊಡ್ಡ ಪಾಲು ಬರುತ್ತಿದ್ದುದು ಈ ಎರಡು ದೇಶಗಳಿಂದಲೇ. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕುತ್ತು ಎಂಬ ಗಾದೆಯ ಗಿಡ ಈ ಬಾರಿ ಭಾರತವಾಯಿತು. ಕೆಲವೇ ವಾರಗಳಲ್ಲಿ ಪಾಟೀಲರು ಹಡಗು ಮತ್ತು ಸಾರಿಗೆ ಖಾತೆಗೆ ಹೋದರು. ಎಣ್ಣೆಯ ಖಾತೆ ಪಿ.ಸಿ. ಸೇಠಿಯವರಿಗೆ ಬಂತು. ಬೆಲೆ ಏರಿಕೆ ಅಲ್ಲಿಗೆ ನಿಲ್ಲಲಿಲ್ಲ.

ಪಾಟೀಲರ ಹೆಸರಿಗೆ ಲಂಚದ ಕಳಂಕ ಅಂಟಿರಲಿಲ್ಲ. ಆಡಳಿತದಲ್ಲಿ ಅವರು ಬಿಗಿ. ಆದರೂ ಮಂತ್ರಿಯ ಪ್ರಾಮಾಣಿಕತೆ ಷಾ ಆಡಳಿತವನ್ನು ಉಳಿಸಲಾರದು, ಬಸ್ರಾದ ಬಾಂಬನ್ನು ತಡೆಯಲಾರದು. ಏರಿದ ಬೆಲೆಯನ್ನು ಯಾರ ಮೇಲೆ ಎಷ್ಟು ಹೇರಬೇಕೆಂಬ ತೀರ್ಮಾನ ಮಾತ್ರ ದಿಲ್ಲಿಯದೇ ಆಗಿತ್ತು. ಆಳುವ ಪಕ್ಷ ಮೊದಲರ್ಧವನ್ನು ಮಾತ್ರ ಹೇಳುತ್ತದೆ, ವಿರೋಧ ಪಕ್ಷ ಎರಡನೆಯದನ್ನು ಮಾತ್ರ.

ಒಂದೇ ವಾರದ ಎರಡು ಸುದ್ದಿ

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿತು. ಅಕ್ಟೋಬರ್ ವೇಳೆಗೆ ಕಚ್ಚಾ ತೈಲ 40 ಡಾಲರ್ ಮುಟ್ಟಿತು. ಕೇಂದ್ರದಲ್ಲಿ ವಿ.ಪಿ. ಸಿಂಗ್ ಅವರ ರಾಷ್ಟ್ರೀಯ ರಂಗ ಸರ್ಕಾರವಿತ್ತು. ಪೆಟ್ರೋಲಿಯಂ ಮಂತ್ರಿ ಮತ್ತೊಬ್ಬ ಕನ್ನಡಿಗ, ಮೈಸೂರು ಸೀಮೆಯ ಎಂ.ಎಸ್. ಗುರುಪಾದಸ್ವಾಮಿ. ಬೆಂಗಳೂರಿನಲ್ಲಿ ವೀರೇಂದ್ರ ಪಾಟೀಲರು ಎರಡನೆಯ ಬಾರಿ ಮುಖ್ಯಮಂತ್ರಿಯಾಗಿದ್ದರು. ಹಿಂದೊಮ್ಮೆ ಕೊಲ್ಲಿಯ ಕಿಚ್ಚನ್ನು ದಿಲ್ಲಿಯಿಂದ ಕಂಡವರು ಈಗ ರಾಜ್ಯದಿಂದ ಕಾಣಬೇಕಾಗಿತ್ತು.

ಹಾಗಾಗಲಿಲ್ಲ. ಅಕ್ಟೋಬರ್ 10ರಂದು ಅವರ ಅಧಿಕಾರ ಹೋಗಿ ರಾಷ್ಟ್ರಪತಿ ಆಡಳಿತ ಬಂತು. ಐದು ದಿನಗಳ ನಂತರ ಕೇಂದ್ರ ಸರ್ಕಾರ ಪೆಟ್ರೋಲಿಯಂ ಉತ್ಪನ್ನಗಳ ಮೇಲೆ ಶೇ 25ರ ‘ಗಲ್ಫ್ ಸರ್‌ಚಾರ್ಜ್’ ಹೇರಿತು. 17ರಂದು ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ಊರಿನ ನಾಯಕ ಕುರ್ಚಿ ಕಳೆದುಕೊಂಡ ಸುದ್ದಿಯ ಬೆನ್ನಿಗೇ ಚಿಂಚೋಳಿಗೆ ಬೆಲೆ ಏರಿಕೆಯ ಸುದ್ದಿಯೂ ಬಂತು. ಯುದ್ಧದ ಹೆಸರನ್ನೇ ತೆರಿಗೆಗೆ ಇಟ್ಟದ್ದು ಜಾಣತನ. ಬಿಲ್ಲು ಕೈಗೆ ಬಂದಾಗ ಜನ ಮಂತ್ರಿಯನ್ನು ಬಿಟ್ಟು ಸದ್ದಾಂ ಹುಸೇನರನ್ನು ನೆನೆಯಲಿ ಎಂಬಂತಿತ್ತು. ಹಿಂದಿನ ಸರ್ಕಾರ ಖಜಾನೆ ಬರಿದು ಮಾಡಿ ಹೋಗಿದೆ ಎಂಬ ವಿ.ಪಿ. ಸಿಂಗ್ ಅವರ ಮಾತೂ ಜೊತೆಗಿತ್ತು.

ನವೆಂಬರಿನಲ್ಲಿ ಆ ಸರ್ಕಾರ ಬಿದ್ದು ಕಾಂಗ್ರೆಸ್ಸಿನ ಬಾಹ್ಯ ಬೆಂಬಲದಿಂದ ಚಂದ್ರಶೇಖರ್ ಪ್ರಧಾನಿಯಾದರು. 1991ರ ಜನವರಿಯಲ್ಲಿ ಕೊಲ್ಲಿಗೆ ಹೊರಟ ಅಮೆರಿಕದ ಮಿಲಿಟರಿ ವಿಮಾನಗಳು ಮುಂಬಯಿ ಮೊದಲಾದ ಕಡೆ ಇಳಿದು ಇಂಧನ ತುಂಬಿಕೊಂಡವು. ಬೆಂಬಲ ಕೊಟ್ಟಿದ್ದ ರಾಜೀವ್ ಗಾಂಧಿಯವರೇ ಇದನ್ನು ಖಂಡಿಸಿದರು. ಫೆಬ್ರುವರಿಯಲ್ಲಿ ಅದು ನಿಂತಿತು, ಮಾರ್ಚಿನಲ್ಲಿ ಸರ್ಕಾರವೂ ಹೋಯಿತು. ಜೂನಿನಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದಾಗ ಪೆಟ್ರೋಲಿಯಂ ಖಾತೆ ಚಿಕ್ಕೋಡಿಯ ಬಿ. ಶಂಕರಾನಂದರದಾಯಿತು. ಜುಲೈ 24ರ ಬಜೆಟ್ಟಿನಲ್ಲಿ ಮನಮೋಹನ ಸಿಂಗ್ ಪೆಟ್ರೋಲ್ ಮತ್ತು ಅಡುಗೆ ಅನಿಲದ ಬೆಲೆಯನ್ನು ಶೇ 20ರಷ್ಟು ಏರಿಸಿದರು. ಯುದ್ಧ ಆಗಲೇ ಮುಗಿದಿತ್ತು. ಅದು ಉಳಿಸಿಹೋದ ವಿದೇಶಿ ವಿನಿಮಯದ ಹಸಿವು ಮುಗಿದಿರಲಿಲ್ಲ. ಒಂಬತ್ತು ತಿಂಗಳಲ್ಲಿ ಮೂರು ಸರ್ಕಾರ, ಎರಡು ಬಾರಿ ಏರಿಕೆ. ತಪ್ಪು ಮಾತ್ರ ಪ್ರತಿಬಾರಿಯೂ ಇನ್ನೊಬ್ಬರದು.

ಯುದ್ಧವಿಲ್ಲದೆಯೂ ಏರಿದ ಬೆಲೆ

2002ರ ಏಪ್ರಿಲ್ 1ರಂದು ವಾಜಪೇಯಿ ಸರ್ಕಾರ ಪೂಲ್ ವ್ಯವಸ್ಥೆಯನ್ನು ಮುಚ್ಚಿತು. 2010ರ ಜೂನಿನಲ್ಲಿ ಮನಮೋಹನ ಸಿಂಗ್ ಸರ್ಕಾರ ಪೆಟ್ರೋಲನ್ನು, 2014ರ ಅಕ್ಟೋಬರಿನಲ್ಲಿ ನರೇಂದ್ರ ಮೋದಿ ಸರ್ಕಾರ ಡೀಸೆಲನ್ನು ದರ ನಿಯಂತ್ರಣದಿಂದ ಬಿಡಿಸಿದವು. ನಡುವೆ 2012ರ ಅಕ್ಟೋಬರಿನಿಂದ 2014ರ ಮೇ ತನಕ ಪೆಟ್ರೋಲಿಯಂ ಮಂತ್ರಿಯಾಗಿದ್ದವರು ನಾಲ್ಕನೆಯ ಕನ್ನಡಿಗ, ಎಂ. ವೀರಪ್ಪ ಮೊಯಿಲಿ. ಡೀಸೆಲ್ ದರವನ್ನು ತಿಂಗಳಿಗೆ 50 ಪೈಸೆಯಂತೆ ಏರಿಸುವ ಕ್ರಮ ಅವರ ಕಾಲದ್ದು. ಇರಾನಿನ ಮೇಲೆ ದಿಗ್ಬಂಧನವಿದ್ದಾಗಲೂ ಅಲ್ಲಿಂದ ಹೆಚ್ಚು ತೈಲ ತರಿಸಿ ಡಾಲರ್ ಉಳಿಸಬಹುದೆಂದು ಅವರು ಸೂಚಿಸಿದ್ದರು. ಬುಧವಾರಗಳಂದು ಮೆಟ್ರೋ ರೈಲಿನಲ್ಲಿ ಕಚೇರಿಗೆ ಹೋಗಿ ಮಿತವ್ಯಯದ ಪಾಠವನ್ನೂ ಹೇಳಿದರು. 1973ರ ಸಾರೋಟು ಹಳಿಯ ಮೇಲೆ ಬಂದಂತಾಯಿತು.

2012ರ ಮೇ 31ರಂದು ಪೆಟ್ರೋಲ್ ಬೆಲೆ ಏರಿಕೆಯ ವಿರುದ್ಧ ಬಿಜೆಪಿ ಮತ್ತು ಮಿತ್ರಪಕ್ಷಗಳು ಭಾರತ ಬಂದ್ ನಡೆಸಿದವು. 2018ರ ಸೆಪ್ಟೆಂಬರ್ 10ರಂದು ಅದೇ ಕಾರಣಕ್ಕೆ ಕಾಂಗ್ರೆಸ್ ಭಾರತ ಬಂದ್ ನಡೆಸಿತು. ಫಲಕದ ಮೇಲಿನ ಹೆಸರು ಬದಲಿಸಿದರೆ ಎರಡಕ್ಕೂ ಒಂದೇ ಘೋಷಣೆ ಸಾಲುತ್ತಿತ್ತು.

‘ಎಲ್ಲ ಯುದ್ಧದಿಂದ’ ಎನ್ನುವವರಿಗೆ 2014ರಿಂದ 2016ರವರೆಗಿನ ಅಂಕಿಗಳು ಉತ್ತರ ಹೇಳುತ್ತವೆ. ನೂರು ಡಾಲರ್ ಮೀರಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗಿಳಿಯಿತು. ಆ ಅವಧಿಯಲ್ಲಿ ಪೆಟ್ರೋಲ್ ಮೇಲಿನ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ 9.48 ರೂಪಾಯಿಯಿಂದ 21.48ಕ್ಕೆ, ಡೀಸೆಲ್ ಮೇಲಿನದು 3.56ರಿಂದ 17.33ಕ್ಕೆ ಏರಿತು. ಅಗ್ಗವಾದ ಎಣ್ಣೆಯ ಲಾಭದ ಬಹುಪಾಲು ಖಜಾನೆಗೆ ಹೋಯಿತು. ಹಿಂದಿನ ಸರ್ಕಾರದ ‘ಆಯಿಲ್ ಬಾಂಡ್’ ಸಾಲವೇ ಕಾರಣವೆಂಬ ಸಮರ್ಥನೆ ಬಂತು. ಆ ಸಾಲ ಸುಳ್ಳಲ್ಲ. ಬೆಲೆ ತಡೆಹಿಡಿದ ಮನಮೋಹನ ಸಿಂಗ್ ಸರ್ಕಾರ ಸುಮಾರು 1.4 ಲಕ್ಷ ಕೋಟಿ ರೂಪಾಯಿಯ ಬಾಂಡುಗಳನ್ನು ಬರೆದುಕೊಟ್ಟು ಹೊರೆಯನ್ನು ಮುಂದಿನವರಿಗೆ ದಾಟಿಸಿತ್ತು. ಆದರೆ ಅದರ ವಾರ್ಷಿಕ ಬಡ್ಡಿ ಸುಮಾರು 10 ಸಾವಿರ ಕೋಟಿ. 2020–21ರಲ್ಲಿ ತೈಲದ ಮೇಲಿನ ಅಬಕಾರಿ ಸುಂಕದಿಂದ ಬಂದದ್ದು ಮೂರೂವರೆ ಲಕ್ಷ ಕೋಟಿಗೂ ಹೆಚ್ಚು. ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಮಾತಿಗೆ ಎಷ್ಟು ತೂಕವೆಂದು ತಿಳಿಯುತ್ತದೆ.

2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋದಾಗ ಭಾರತದ ಬಂಕುಗಳಲ್ಲಿ ದರ ಅಲುಗಲಿಲ್ಲ. 2017ರಿಂದ ದರ ಪ್ರತಿದಿನ ಬದಲಾಗುವ ಏರ್ಪಾಡಿದ್ದರೂ 2021ರ ನವೆಂಬರಿನಿಂದ ಅದು ಸ್ತಬ್ಧವಾಗಿತ್ತು. ಐದು ರಾಜ್ಯಗಳ ಚುನಾವಣಾ ಫಲಿತಾಂಶ ಬಂದದ್ದು ಮಾರ್ಚ್ 10ರಂದು. ಮಾರ್ಚ್ 22ರಿಂದ ಬೆಲೆ ಏರತೊಡಗಿತು. ಗುಡಾಣ ಒಡೆದುಹೋಗಿದ್ದರೂ ಹಳೆಯ ರೂಢಿ ಹೋಗಿರಲಿಲ್ಲ.

ತಾಂಡೂರು ರಸ್ತೆಯ ಲೆಕ್ಕ

ರಾಜ್ಯಗಳೂ ಈ ಆಟದ ಹೊರಗಿಲ್ಲ. 2018ರ ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರ ಸಾಲಮನ್ನಾಕ್ಕೆ ಹಣ ಹೊಂದಿಸಲು ತೈಲದ ಮೇಲಿನ ರಾಜ್ಯ ತೆರಿಗೆ ಏರಿಸಿತು. ಸೆಪ್ಟೆಂಬರ್ 17ರಂದು, ಹೈದರಾಬಾದ್ ಕರ್ನಾಟಕ ವಿಮೋಚನಾ ದಿನಕ್ಕೆ ಕಲಬುರಗಿಗೆ ಬಂದಿದ್ದ ಅದೇ ಮುಖ್ಯಮಂತ್ರಿ ಲೀಟರಿಗೆ 2 ರೂಪಾಯಿ ಇಳಿಕೆ ಘೋಷಿಸಿದರು. ಹೊರಗೆ ಬೆಲೆ ತಗ್ಗಿದ ಮೇಲೆ, 2019ರ ಜನವರಿಯಲ್ಲಿ, ತೆರಿಗೆ ಮತ್ತೆ ಹಳೆಯ ಮಟ್ಟಕ್ಕೇರಿತು. 2021ರ ಸೆಪ್ಟೆಂಬರಿನಲ್ಲಿ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ತೈಲ ಬೆಲೆ ವಿರೋಧಿಸಿ ಎತ್ತಿನ ಬಂಡಿಯಲ್ಲಿ ವಿಧಾನಸೌಧಕ್ಕೆ ಬಂದರು. ವಾಜಪೇಯಿ ಇಳಿದ ಬಂಡಿಗೆ ಕಾಂಗ್ರೆಸ್ಸಿಗರು ಏರಿದಂತಾಯಿತು. 2024ರ ಮಾರ್ಚಿನಲ್ಲಿ, ಲೋಕಸಭಾ ಚುನಾವಣೆಗೆ ಮುನ್ನ, ಬಂಕಿನ ದರ 2 ರೂಪಾಯಿ ಇಳಿಯಿತು. ಜೂನ್ 15ರಂದು, ಚುನಾವಣೆ ಮುಗಿದ ಮೇಲೆ, ಸಿದ್ದರಾಮಯ್ಯ ಸರ್ಕಾರ ತೆರಿಗೆ ಏರಿಸಿ ಪೆಟ್ರೋಲ್ ಬೆಲೆಯನ್ನು 3 ರೂಪಾಯಿ ಹೆಚ್ಚಿಸಿತು. ಈಗ ಬೀದಿಗಿಳಿಯುವ ಸರದಿ ಬಿಜೆಪಿಯದು.

ನೆರೆಯ ರಾಜ್ಯಗಳಿಗಿಂತ ಇಲ್ಲಿ ಅಗ್ಗವೆಂಬುದು ಮುಖ್ಯಮಂತ್ರಿಯ ಉತ್ತರವಾಗಿತ್ತು. ಅದನ್ನು ಪರೀಕ್ಷಿಸಲು ಸೇಡಂ ಮತ್ತು ಚಿಂಚೋಳಿಯವರು ದೂರ ಹೋಗಬೇಕಿಲ್ಲ. ಗಡಿಯಾಚೆಯ ತಾಂಡೂರು 1956ರ ನವೆಂಬರ್ 1ರವರೆಗೆ ಗುಲ್ಬರ್ಗ ಜಿಲ್ಲೆಯದೇ ತಾಲ್ಲೂಕು. ಅದೇ ಸುಣ್ಣದ ಕಲ್ಲಿನ ನೆಲ. 2024ರ ಏರಿಕೆಯ ನಂತರವೂ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ ಸುಮಾರು 89 ರೂಪಾಯಿ ಇದ್ದರೆ ಹೈದರಾಬಾದಿನಲ್ಲಿ 95 ದಾಟಿತ್ತು. ಎರಡೂ ಕಡೆ ಆಗ ಇದ್ದದ್ದು ಕಾಂಗ್ರೆಸ್ ಸರ್ಕಾರವೇ. ಯುದ್ಧ ಒಂದೇ, ಕಚ್ಚಾ ತೈಲ ಒಂದೇ, ಪಕ್ಷವೂ ಒಂದೇ. ಬೇರೆಯಾದದ್ದು ರಾಜ್ಯದ ತೆರಿಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ರಾಜಕಾರಣದ ಹಳೆಯ ವೈದ್ಯ. ಇರಾನ್, ಇರಾಕ್, ಉಕ್ರೇನ್‌ಗಳ ಜ್ವರ ಸುಳ್ಳಲ್ಲ; ಅದನ್ನು ವೀರೇಂದ್ರ ಪಾಟೀಲರೂ ತಡೆಯಲಾರದಾದರು, ಮೊಯಿಲಿಯವರೂ ತಡೆಯಲಾರದಾದರು. ಆದರೆ ಬರೆಯ ಜಾಗ, ಆಳ, ದಿನ ಇವು ಇಲ್ಲೇ ನಿರ್ಧಾರವಾಗುತ್ತವೆ. ಏರಿದ ಪ್ರತಿ ರೂಪಾಯಿಯಲ್ಲಿ ಯುದ್ಧದ ಪಾಲೆಷ್ಟು, ಕೇಂದ್ರದ ಸುಂಕವೆಷ್ಟು, ರಾಜ್ಯದ ತೆರಿಗೆಯೆಷ್ಟು, ಏರಿಕೆಗೆ ಆ ದಿನವನ್ನೇ ಏಕೆ ಆರಿಸಿದರು ಎಂದು ಮತ ಕೇಳಲು ಬಂದವರನ್ನು ಕೇಳಬಹುದು. ಪಕ್ಷ ಯಾವುದೇ ಇರಲಿ, ಪ್ರಶ್ನೆ ಇದೇ. ವಾಡಿಯಿಂದ ಕಲ್ಲು ಹೊತ್ತು ಹೊರಡುವ ಲಾರಿಯ ಮಾಲೀಕ ಬಾಡಿಗೆ ಗೊತ್ತುಮಾಡುವಾಗ ಪ್ರತಿ ಬಾರಿಯೂ ಇಂಥದೇ ಲೆಕ್ಕ ಹಾಕುತ್ತಾನೆ.