ಹಳೆಯ ಗಣಕ, ಮುಕ್ತ ತಂತ್ರಾಂಶ: ಸಿರಿಗೇರಿ ಸೀಮೆಯ ಹವ್ಯಾಸಿಗೊಂದು ಪರಿಚಯ

ಸಿರಿಗೇರಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಊರು. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಈ ತಾಲ್ಲೂಕಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಯಾರೂ ಅದನ್ನು ಎಸೆಯುವುದಿಲ್ಲ. ವೈಂಡಿಂಗ್ ಮಾಡಿಸಿ ಮತ್ತೆ ನೀರೆತ್ತುತ್ತಾರೆ. ಅದೇ ಮನೆಯ ಅಟ್ಟದ ಮೇಲೆ ಹತ್ತು ವರ್ಷದ ಗಣಕವೊಂದು ‘ಸ್ಲೋ ಆಗಿದೆ’ ಎಂಬ ಒಂದೇ ಕಾರಣಕ್ಕೆ ಗೋಣಿಚೀಲ ಹೊದ್ದು ಕೂತಿರುವುದುಂಟು. ಮೋಟಾರಿಗೆ ಸಿಗುವ ಎರಡನೆಯ ಆಯುಷ್ಯ ಗಣಕಕ್ಕೂ ಸಿಗಬಲ್ಲದು. ಅದನ್ನು ಸಾಧ್ಯವಾಗಿಸಿರುವುದು ಮುಕ್ತ ತಂತ್ರಾಂಶ.

ಮುಕ್ತ ತಂತ್ರಾಂಶ ಎಂದರೇನು

ಗಣಕಕ್ಕೆ ಕೆಲಸ ಹೇಳುವ ಆಜ್ಞೆಗಳ ಸಮೂಹವೇ ತಂತ್ರಾಂಶ. ಮನುಷ್ಯರು ಓದಬಲ್ಲ ರೂಪದಲ್ಲಿರುವ ಅದರ ಮೂಲಪಠ್ಯವನ್ನು ಸೋರ್ಸ್ ಕೋಡ್ ಎನ್ನುತ್ತಾರೆ. ಈ ಮೂಲಪಠ್ಯವನ್ನು ಯಾರು ಬೇಕಾದರೂ ಓದಲು, ತಿದ್ದಲು, ಹಂಚಲು ಪರವಾನಗಿ ಕೊಟ್ಟಿದ್ದರೆ ಅದು ಮುಕ್ತ ತಂತ್ರಾಂಶ, ಅಂದರೆ ಓಪನ್ ಸೋರ್ಸ್. ಬಹುಪಾಲು ಇದು ಹಣ ಕೊಡದೆ ಸಿಗುತ್ತದೆ. ಆದರೂ ಅದರ ನಿಜವಾದ ಬೆಲೆ ಇರುವುದು ತಿದ್ದುವ ಹಕ್ಕಿನಲ್ಲಿ.

1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ಕರ್ನಲ್, ಅಂದರೆ ಅಂಥ ವ್ಯವಸ್ಥೆಯ ತಿರುಳನ್ನು ಬರೆದರು. ಅದು ಕೇವಲ ಹವ್ಯಾಸದ ಕೆಲಸವೆಂದೇ ಅವರು ಆಗ ಹೇಳಿಕೊಂಡಿದ್ದರು. ಎರಡೂ ಕೂಡಿ ಸಂಪೂರ್ಣ ಕಾರ್ಯಾಚರಣಾ ವ್ಯವಸ್ಥೆಯಾಯಿತು. ಡೆಬಿಯನ್ (1993), ಉಬುಂಟು (2004) ಮೊದಲಾದವು ಅದರ ವಿತರಣೆಗಳು. ಇಂಟರ್ನೆಟ್ ದುಬಾರಿಯಾಗಿದ್ದ ಕಾಲದಲ್ಲಿ ಉಬುಂಟು ಸಿ.ಡಿ.ಯನ್ನು ಕೇಳಿದವರ ವಿಳಾಸಕ್ಕೆ ಉಚಿತವಾಗಿ ಅಂಚೆಯಲ್ಲಿ ಕಳಿಸಲಾಗುತ್ತಿತ್ತು. 2011ರಲ್ಲಿ ಆ ವ್ಯವಸ್ಥೆ ನಿಂತಿತು.

ಗಣಕ ಹಳತಾಗುವುದು ಹೇಗೆ

ಪ್ರೊಸೆಸರ್ ಎಂಬ ಚಿಪ್ಪಿನಲ್ಲಿ ಚಲಿಸುವ ಭಾಗಗಳಿಲ್ಲ. ಹತ್ತು ವರ್ಷದ ಹಿಂದೆ ಎಷ್ಟು ವೇಗವಾಗಿ ಲೆಕ್ಕ ಮಾಡುತ್ತಿತ್ತೋ ಇಂದೂ ಅಷ್ಟೇ ವೇಗವಾಗಿ ಮಾಡುತ್ತದೆ. ಬದಲಾದದ್ದು ಅದರ ಮೇಲೆ ಹೇರಿದ ಭಾರ. ತಯಾರಕರು ಭದ್ರತಾ ಪರಿಷ್ಕರಣೆಗಳನ್ನು ನಿಲ್ಲಿಸಿದಾಗಲೂ ಯಂತ್ರ ಹಳತೆನಿಸಿಕೊಳ್ಳುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನು ಕೇಳುತ್ತದೆ. ಹಾಗಾಗಿ ದಿನನಿತ್ಯದ ಕೆಲಸಕ್ಕೆ ಧಾರಾಳವಾಗಿ ಸಾಲುವ ಯಂತ್ರಗಳೂ ಅಧಿಕೃತವಾಗಿ ಹೊರಗುಳಿದಿವೆ.

ನಿಜವಾಗಿ ಸವೆಯುವ ಭಾಗಗಳು ಕೆಲವೇ: ಹಾರ್ಡ್ ಡಿಸ್ಕ್, ಫ್ಯಾನು, ಬ್ಯಾಟರಿ ಮತ್ತು ಕೆಪಾಸಿಟರ್.

ಬಿಸಿಲು, ದೂಳು, ಕರೆಂಟು

ಬೇಸಿಗೆಯಲ್ಲಿ ಬಳ್ಳಾರಿ ಸೀಮೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಸುತ್ತಲಿನ ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಮದರ್‌ಬೋರ್ಡಿನ ಮೇಲೆ ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಬಿಸಿಲು ತನ್ನ ಕೆಲಸ ಮಾಡಿದೆ ಎಂದು ತಿಳಿಯಬೇಕು.

ಇಲ್ಲಿ ಕ್ಯಾಬಿನೆಟ್ಟಿನ ಪಕ್ಕದ ಹಲಗೆ ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುವುದು ದೂಳು. ಕರಿಮಣ್ಣಿನ ನುಣುಪು ಪುಡಿ, ಭತ್ತ ಬಡಿಯುವ ಕಾಲದ ಹೊಟ್ಟು, ಗಿರಣಿ ಹತ್ತಿರವಿದ್ದರೆ ಉಮಿಯ ಬೂದಿ; ಇವೆಲ್ಲ ಸೇರಿ ಹೀಟ್‌ಸಿಂಕಿನ ಅಲ್ಯೂಮಿನಿಯಂ ಎಸಳುಗಳ ನಡುವೆ ಕಂಬಳಿಯ ತುಂಡಿನಂತೆ ಹೆಣೆದುಕೊಂಡಿರುತ್ತವೆ. ಗಾಳಿ ಆಡದೆ ಪ್ರೊಸೆಸರ್ ಕಾಯುತ್ತದೆ. ಕಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ‘ಸ್ಲೋ’ ಎಂಬ ದೂರಿಗೆ ಇದೂ ಒಂದು ಕಾರಣ. ತಂತಿ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು, ಬ್ರಶ್ಶಿನಿಂದ ಈ ದೂಳನ್ನು ತೆಗೆಯಬೇಕು. ಒಣಗಿ ಸುಣ್ಣದ ಪುಡಿಯಂತಾದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದಾಗಿ ಕಡಲೆಕಾಳಿನಷ್ಟು ಹಾಕಬೇಕು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಯಂತ್ರ ಬರೀ ಬೀಪ್ ಎಂದು ಕೂಗಿ ಪರದೆ ಕಪ್ಪಾಗಿಯೇ ಇದ್ದರೆ ರ‍್ಯಾಮ್ ಪಟ್ಟಿಯನ್ನು ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಶಾಲಾ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು ನಮ್ಮ ರಿಪೇರಿ ಅಂಗಡಿಗಳ ವಾಡಿಕೆ. ಎಷ್ಟೋ ಸಲ ಅಷ್ಟಕ್ಕೇ ಯಂತ್ರ ಏಳುತ್ತದೆ.

ಇನ್ನೊಂದು ತೊಂದರೆ ಹೊಸಬರನ್ನು ಬಹಳ ಕಾಡುತ್ತದೆ. ಗಣಕ ಚಾಲೂ ಆಗುತ್ತದೆ, ಇಂಟರ್ನೆಟ್ಟೂ ಇರುತ್ತದೆ, ಆದರೆ ಯಾವ ಜಾಲತಾಣ ತೆರೆದರೂ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಪರದೆಯ ಮೂಲೆಯಲ್ಲಿ ದಿನಾಂಕ ನೋಡಿದರೆ 2009 ಎಂದಿರುತ್ತದೆ. ಗಡಿಯಾರವನ್ನು ಕಾಯುವ 3 ವೋಲ್ಟಿನ ಸಿಆರ್2032 ಬಿಲ್ಲೆ ಬ್ಯಾಟರಿ ಮುಗಿದಿದೆ. ಜಾಲತಾಣದ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಎರಡೂ ಇರುತ್ತವೆ. 2009ರಲ್ಲಿರುವ ಗಣಕಕ್ಕೆ ಇಂದಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಬಿಲ್ಲೆಯೊಂದು ಇದಕ್ಕೆ ಮದ್ದು.

ಹೊಸ ವ್ಯವಸ್ಥೆಯ ಅಳವಡಿಕೆ

ಲಿನಕ್ಸ್ ವಿತರಣೆಗಳನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಇದಕ್ಕೆ ಲೈವ್ ವಿಧಾನ ಎಂದು ಹೆಸರು. ಹಾರ್ಡ್ ಡಿಸ್ಕಿನಲ್ಲಿರುವುದನ್ನು ಮುಟ್ಟದೆ ಪರದೆ, ವೈಫೈ, ಧ್ವನಿ ಎಲ್ಲವನ್ನೂ ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಅಳವಡಿಸಿಕೊಳ್ಳುವ ಈ ಸೌಕರ್ಯ ಹವ್ಯಾಸಿಗೆ ದೊಡ್ಡ ಧೈರ್ಯ.

2 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಲುಬುಂಟು ಅಥವಾ ಎಕ್ಸ್‌ಎಫ್‌ಸಿಇ ಮುಖದ ಡೆಬಿಯನ್‌ನಂಥ ಹಗುರ ವ್ಯವಸ್ಥೆ ಸೂಕ್ತ. ಇನ್ನೂ ಬಡ ಯಂತ್ರಕ್ಕೆ ಪಪ್ಪಿ ಲಿನಕ್ಸ್ ಇದೆ. ಅದು ಇಡಿಯಾಗಿ ರ‍್ಯಾಮಿನಲ್ಲೇ ಕೂತು ಓಡಬಲ್ಲದು. 32 ಬಿಟ್ ಯಂತ್ರಗಳ ದಾರಿ ಮಾತ್ರ ಕಿರಿದಾಗುತ್ತಿದೆ: 2025ರಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಅಳವಡಿಕೆಯ ಆವೃತ್ತಿಯನ್ನೇ ಕೊಟ್ಟಿಲ್ಲ.

ಖರ್ಚು ಮಾಡುವುದಾದರೆ ಮೊದಲ ಹಣ ಎಸ್‌ಎಸ್‌ಡಿಗೆ ಸಲ್ಲಬೇಕು. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಿ, ಕಡ್ಡಿ ಸರಿದು ಮಾಹಿತಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ಸರಿಯುವ ಭಾಗವೇ ಇಲ್ಲ. ಬೇರಾವ ಬದಲಾವಣೆಯೂ ಹಳೆಯ ಯಂತ್ರಕ್ಕೆ ಇಷ್ಟು ಚುರುಕು ತರುವುದಿಲ್ಲ. ಹಳೆಯ ಮಾದರಿಯ ರ‍್ಯಾಮ್ ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲು ಇದ್ದೇ ಇದೆ.

ಕನ್ನಡದ ಬಳಕೆ

ಲಿನಕ್ಸಿನಲ್ಲಿ ಕನ್ನಡ ಬರೆಯಲಾಗದು ಎಂಬ ನಂಬಿಕೆ ಇನ್ನೂ ಕೆಲವರಲ್ಲಿದೆ. ಅದಕ್ಕೆ ಆಧಾರವಿಲ್ಲ. ಕೀಲಿಮಣೆಯ ಆಯ್ಕೆಗಳಲ್ಲಿ ಇನ್‌ಸ್ಕ್ರಿಪ್ಟ್ ಜೊತೆಗೆ ಕಗಪ ವಿನ್ಯಾಸವೂ ಇದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು; ಅದರ ‘ನುಡಿ’ ತಂತ್ರಾಂಶದಲ್ಲಿ ಬೆರಳು ಪಳಗಿದವರು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಈ ವಿನ್ಯಾಸದ ಹಿಂದೆ ಕೆ. ಪಿ. ರಾವ್ ಅವರ ಚಿಂತನೆಯಿದೆ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ ಎಂಬ ಅಕ್ಷರಶೈಲಿಯೂ ಕೈಬರಹದಂತಿರುವ ನವಿಲು ಶೈಲಿಯೂ ಸಿಗುತ್ತವೆ.

ತೊಡಕು ಬರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಪೂರ್ವದ ನುಡಿಯಲ್ಲಿ ಬರೆದ ಅರ್ಜಿ, ಲಗ್ನಪತ್ರಿಕೆಗಳಲ್ಲಿ ಒಳಗಿರುವುದು ರೋಮನ್ ಸಂಕೇತ. ಆ ಫಾಂಟ್ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಅಕ್ಷರರಾಶಿಯಾಗಿ ಕಾಣುತ್ತವೆ. ಇವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನೂ ಕನ್ನಡದ ಹವ್ಯಾಸಿಗಳು ಬರೆದು ಮುಕ್ತವಾಗಿ ಹಂಚಿದ್ದಾರೆ.

ಎಲ್ಲೆಲ್ಲಿ ಉಪಯೋಗ

ಬೆಂಗಳೂರಿನ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಸ್ವಯಂಸೇವಕರು ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವನ್ನು ಕಟ್ಟಿದರು. ದಾನವಾಗಿ ಬಂದ ಗಣಕಗಳು, ಗ್ನೂ/ಲಿನಕ್ಸ್ ವ್ಯವಸ್ಥೆ, ಸಂಜೆ ಕಲಿಸಲು ಬರುವ ಯುವಕರು: ಬಂಡವಾಳ ಇಷ್ಟೇ. ಅಲ್ಲಿನ ಮಕ್ಕಳು ಜಿಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬರೆಯಲು ಕಲಿತರು. ಇಂಥದ್ದೊಂದು ಕೋಣೆ ಸಿರಿಗೇರಿಯಲ್ಲೂ ನೆರೆಯ ಕುರುಗೋಡಿನಲ್ಲೂ ಅಸಾಧ್ಯವಲ್ಲ.

ಹಳ್ಳಿಯ ಶಾಲೆಗೆ ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶ ಬಹಳ ಉಪಯುಕ್ತ. ಕನ್ನಡ ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡರೆ ಮುಂದೆ ಇಂಟರ್ನೆಟ್ ಇಲ್ಲದೆಯೇ ಅದನ್ನು ಓದಬಹುದು. ಒಂದೇ ಹಳೆಯ ಗಣಕ ವೈಫೈ ಮೂಲಕ ಇಡೀ ತರಗತಿಗೆ ಅದನ್ನು ಬಡಿಸಬಲ್ಲದು. ಮನೆಯಲ್ಲಾದರೆ ಫೋಟೊಗಳನ್ನು ಕಾಯ್ದಿಡುವ ಸರ್ವರ್ ಆಗಿಸಬಹುದು. ಕರೆಂಟು ಹೋಗಿಬರುವ ಊರಿನಲ್ಲಿ ಈ ಕೆಲಸಕ್ಕೆ ಡೆಸ್ಕ್‌ಟಾಪಿಗಿಂತ ಹಳೆಯ ಲ್ಯಾಪ್‌ಟಾಪೇ ಮೇಲು: ವಿದ್ಯುತ್ ಕಡಿಮೆ ಸಾಕು, ಮುದಿ ಬ್ಯಾಟರಿಯೂ ಸ್ವಲ್ಪ ಹೊತ್ತು ಯುಪಿಎಸ್‌ನಂತೆ ಕಾಯುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ತಡಮಾಡದೆ ತೆಗೆಯಬೇಕು.

ಉಳಿದ ಭಾಗಗಳು

ದುರಸ್ತಿಗೆ ಒಗ್ಗದ ಬೋರ್ಡುಗಳಲ್ಲಿ ಸೀಸದಂಥ ವಿಷಲೋಹಗಳಿರುತ್ತವೆ. ತಾಮ್ರಕ್ಕಾಗಿ ತಂತಿ ಸುಡುವುದು ಉಸಿರಿಗೂ ಮಣ್ಣಿಗೂ ಕೇಡು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇ-ತ್ಯಾಜ್ಯ ನೋಂದಾಯಿತ ಮರುಬಳಕೆದಾರರನ್ನೇ ಸೇರಬೇಕು; ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ 2005ರಿಂದ ಈ ಕೆಲಸ ಮಾಡುತ್ತಿದೆ. ಕೊಡುವ ಮುನ್ನ ಡಿಸ್ಕಿನ ಮಾಹಿತಿಯನ್ನು ಪೂರ್ತಿ ಅಳಿಸಬೇಕು. ರ‍್ಯಾಮ್, ಫ್ಯಾನು, ಕೇಬಲ್, ಸ್ಕ್ರೂಗಳನ್ನು ಬಿಚ್ಚಿ ಡಬ್ಬಿಗೆ ಹಾಕಿಟ್ಟುಕೊಳ್ಳಬೇಕು. ಕೆಟ್ಟ ಹಾರ್ಡ್ ಡಿಸ್ಕಿನೊಳಗೂ ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳಿರುತ್ತವೆ. ಮುಂದಿನ ಗಣಕ ಬಿಚ್ಚುವಾಗ ನೆಲಕ್ಕೆ ಚದುರಿದ ಸ್ಕ್ರೂಗಳನ್ನು ಹೆಕ್ಕಲು ಅವು ಬೇಕಾಗುತ್ತವೆ.